ಎಂಟು ಸೆಕೆಂಡಿನಲ್ಲಿ ‘ಬೇಡ’ ಅಂದವರು ಯಾರು?

ಮಾನ್ಯ ನಿರ್ದೇಶಕರೇ,

ಆಸ್ಪತ್ರೆಗಳ ಗಣಕೀಕರಣ ನಿರ್ದೇಶನಾಲಯದ ಎತ್ತರದ ಕುರ್ಚಿಯಲ್ಲಿ ನೀವು ಕ್ಷೇಮವಾಗಿ ಕೂತಿದ್ದೀರೆಂದು ನಂಬಿದ್ದೇನೆ. ನನ್ನ ದೂರು ಚಿಕ್ಕದು, ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಅಪ್ಪಣೆಯ ಮೇರೆಗೆ ಕಂಪ್ಯೂಟರ್ ಪರದೆಯ ಮೇಲೆ ಒಂದು ಬಾಕ್ಸು ತೆರೆದುಕೊಂಡು, ಒಂದು ಪ್ರಶ್ನೆ ಕೇಳಿ, ಯಾರ ಉತ್ತರಕ್ಕೂ ಕಾಯದೆ ಎಂಟು ಸೆಕೆಂಡಿನಲ್ಲಿ ತಾನಾಗಿಯೇ ಮುಚ್ಚಿಕೊಂಡಿತು. ಅದರಿಂದಾಗಿ, ಒಬ್ಬ ಅಣ್ಣ ಕಿಟಕಿಯ ಮುಂದೆ ನಿಂತು ಹುಡುಕುತ್ತಿದ್ದ ತಮ್ಮನನ್ನು ಅದೇ ಕಟ್ಟಡದ ನೆಲಮಾಳಿಗೆಯಿಂದ ‘ವಾರಸುದಾರರಿಲ್ಲದ ಶವ’ ಎಂದು ವೈದ್ಯಕೀಯ ಕಾಲೇಜಿಗೆ ಸಾಗಿಸಲಾಯಿತು, ಕುಯ್ದು ಕಲಿಯುವುದಕ್ಕೆ. ಆ ಪ್ರಶ್ನೆಗೆ ‘ಬೇಡ’ ಎಂದು ಉತ್ತರ ಕೊಟ್ಟವಳು ನಾನು ಎಂದು ನಿಮ್ಮ ದಾಖಲೆ ಹೇಳುತ್ತದೆ. ನಾನು ಆ ಪ್ರಶ್ನೆಯನ್ನು ನೋಡಿಯೇ ಇಲ್ಲ.

ನಾನು ದೊಡ್ಡಾಸ್ಪತ್ರೆಯ ದಾಖಲಾತಿ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಮೂರನೇ ಕಿಟಕಿಯಲ್ಲಿ ಕೂತ ಗುಮಾಸ್ತೆ. ಮನೆಗೆ ಬಾರದವರನ್ನು ಹುಡುಕಿಕೊಂಡು ಬರುವ ಜನರ ಕಿಟಕಿ ಅದು. ಆ ಕಿಟಕಿಗೆ ಬರುವವರಷ್ಟು ವಿನಯವಂತರನ್ನು ನೀವು ಜನ್ಮದಲ್ಲಿ ಕಂಡಿರಲಾರಿರಿ. ಜೋರಾಗಿ ಕೇಳಿದರೆ ಕೆಟ್ಟ ಸುದ್ದಿ ನಿಜವಾಗಿಬಿಡುತ್ತದೇನೋ ಎನ್ನುವ ಹಾಗೆ ಪಿಸುಗುಡುತ್ತಾರೆ. ಮೊದಲು ನನ್ನ ಹತ್ತಿರ ಉದ್ದನೆಯ ಒಂದು ನೋಟುಬುಕ್ಕು ಇತ್ತು. ಹೆಸರು ಗೊತ್ತಿಲ್ಲದೆ ಸತ್ತವರ ಪಟ್ಟಿ. ‘ಅಪರಿಚಿತ ಗಂಡಸು, ಸುಮಾರು ಅರವತ್ತು, ನೀಲಿ ಅಂಗಿ, ಮುಂಗೈ ಮೇಲೆ ಸುಟ್ಟ ಕಲೆ’ ಎಂದೆಲ್ಲ ಬರೆದಿರುತ್ತಿತ್ತು. ಯಾರಾದರೂ ಬಂದರೆ ಸಾಲುಗಳ ಮೇಲೆ ಬೆರಳಿಟ್ಟುಕೊಂಡು ಓದುತ್ತಾ ಹೋಗುತ್ತಿದ್ದೆ. ನಿಧಾನದ ಕೆಲಸ. ಕೊಳಕು ಪುಸ್ತಕ. ಮೂರು ವರ್ಷದ ಹಿಂದೆ ನಿಮ್ಮವರು ಬಂದು ಅದನ್ನು ಎತ್ತಿಕೊಂಡು ಹೋದರು. ಇನ್ನು ಮೇಲೆ ಆ ಪಟ್ಟಿ ಗುಮಾಸ್ತರ ಕಣ್ಣಿಗೆ ಬೀಳಕೂಡದು, ಸಿಬ್ಬಂದಿ ತಪ್ಪು ಮಾಡುತ್ತಾರೆ, ಕಾಣೆಯಾದವರ ಗುರುತನ್ನೂ ಸತ್ತವರ ಗುರುತನ್ನೂ ಯಂತ್ರವೇ ಹೋಲಿಸಿ ನೋಡಿ ಹೇಳುತ್ತದೆ ಎಂದು ಸುತ್ತೋಲೆ ಬಂತು. ನಾವು ನಂಬಿದೆವು. ನಂಬದೆ ಇರುವುದಕ್ಕೆ ನಮ್ಮಂಥವರಿಗೆ ಸಂಬಳ ಕೊಡುತ್ತಾರೆಯೇ?

ಒಂದು ಸೋಮವಾರ ಬೆಳಗ್ಗೆ ಕೈಗಡಿಯಾರ ರಿಪೇರಿ ಮಾಡುವವರೊಬ್ಬರು ಬಂದರು. ಬಸ್ ನಿಲ್ದಾಣದ ಮೆಟ್ಟಿಲ ಬಳಿ ಗಾಜಿನ ಪೆಟ್ಟಿಗೆಯಷ್ಟು ಅಂಗಡಿ ಅವರದು. ಅಂಗಿಯ ಜೇಬಿನಲ್ಲಿ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರ ಹಾಗೇ ಇತ್ತು. ಕೆಲಸದ ನಡುವೆ ಎದ್ದು ಬಂದಿದ್ದರು.

“ಮೇಡಂ, ನನ್ನ ತಮ್ಮ ಶುಕ್ರವಾರದಿಂದ ಮನೆಗೆ ಬಂದಿಲ್ಲ. ಇಲ್ಲೇನೂ ಇರಲ್ಲ, ಆದ್ರೂ ಒಂದ್ಸಲ ಕೇಳೋಣ ಅಂತ ಬಂದೆ.”

ಹೆಸರು ಹಾಕಿ ನೋಡಿದೆ. ಇರಲಿಲ್ಲ. ಗುರುತೇನಾದರೂ ಇದೆಯೇ ಎಂದು ಕೇಳಿದೆ.

“ಎಡಗೈ ಕಿರುಬೆರಳು ಅರ್ಧ ಇಲ್ಲ. ಪ್ರಿಂಟಿಂಗ್ ಪ್ರೆಸ್ಸಲ್ಲಿ ಕೆಲಸ. ಮಷೀನು ತಿಂದ್ಹಾಕ್ತು. ಪ್ರೆಸ್ಸಲ್ಲೆಲ್ಲ ಅವನನ್ನ ‘ಒಂಬತ್ತೂವರೆ’ ಅಂತಲೇ ಕರೆಯೋದು. ಅವನಿಗೇನೂ ಬೇಜಾರಿಲ್ಲ, ಅವನೇ ಹಾಗೆ ಹೇಳ್ಕೊಂಡು ನಗ್ತಾನೆ.”

ಅದನ್ನೆಲ್ಲ ಬರೆದು ‘ಉಳಿಸು’ ಎಂಬ ಗುಂಡಿ ಒತ್ತಿದೆ. ಅರ್ಜಿದಾರರಿಗೆ ರಸೀದಿ ಕೊಟ್ಟು ಸಹಿ ಪಡೆಯಬೇಕು ಎಂಬುದು ನಿಮ್ಮದೇ ನಿಯಮ. ನಾಲ್ಕು ಕಿಟಕಿಗಳಿಗೆ ಒಂದೇ ಪ್ರಿಂಟರ್ ಎಂಬುದೂ ನಿಮ್ಮದೇ ನಿಯಮ. ಅದು ನನ್ನ ಕುರ್ಚಿಯಿಂದ ಹದಿನಾಲ್ಕು ಹೆಜ್ಜೆ ದೂರ, ಕಪಾಟಿನ ಆಚೆ. ಎದ್ದು ಹೋಗಿ ಕಾಗದ ತಂದೆ. ಅವರು ಸಹಿ ಮಾಡಿದರು. ಆಮೇಲೆ ನಾನು ಆಡಿದ ಮಾತನ್ನು ಕೇಳಿ:

“ಹೊಂದಿಕೆ ಆದ್ರೆ ಕಂಪ್ಯೂಟರೇ ಹೇಳುತ್ತೆ, ನಾನೇ ಫೋನ್ ಮಾಡ್ತೀನಿ. ಇಲ್ಲಿಲ್ಲ ಅಂದ್ರೆ ಒಳ್ಳೇದೇ ಅಲ್ವಾ? ಎಲ್ಲೋ ಚೆನ್ನಾಗಿದಾರೆ ಅಂತ ತಾನೆ ಅರ್ಥ?”

ಅವರ ಮುಖ ಅರಳಿತು. “ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು ಕಣಮ್ಮ” ಎಂದು ಹೇಳಿ ಹೋದರು.

ಅವರು ನಿಂತಿದ್ದ ಜಾಗಕ್ಕೆ ಸರಿಯಾಗಿ ಎರಡು ಮಹಡಿ ಕೆಳಗೆ, ಶವಾಗಾರದ ಹನ್ನೊಂದನೇ ಖಾನೆಯಲ್ಲಿ, ಅವರ ತಮ್ಮ ಮಲಗಿದ್ದರು. ಶುಕ್ರವಾರ ಸಂಜೆ ಪ್ರೆಸ್ಸಿನಿಂದ ಹೊರಟವರು ಪಾದಚಾರಿ ದಾರಿಯಲ್ಲಿ ಕುಸಿದು ಬಿದ್ದಿದ್ದರು. ಯಾರೋ ಪುಣ್ಯಾತ್ಮರು ಆಂಬುಲೆನ್ಸ್ ಕರೆದಿದ್ದರು, ಇನ್ಯಾರೋ ಪುಣ್ಯಾತ್ಮರು ಅದು ಬರುವಷ್ಟರಲ್ಲಿ ಜೇಬು ಹಗುರ ಮಾಡಿದ್ದರು. ಹೀಗಾಗಿ ಹೆಸರಿಲ್ಲದೆ ಒಳಗೆ ಬಂದು, ಹೆಸರಿಲ್ಲದೆ ಸತ್ತರು. ‘ಎಡಗೈ ಕಿರುಬೆರಳು ಅರ್ಧ ಇಲ್ಲ’ ಎಂದು ಕೆಳಗಿನವರು ನಿಮ್ಮ ಯಂತ್ರದಲ್ಲಿ ಬರೆದಿದ್ದರು. ನಾನು ಮೇಲೆ ಕೂತು ಬರೆದದ್ದೂ ಅಕ್ಷರಶಃ ಅದನ್ನೇ.

ಗಡಿಯಾರದವರು ಇನ್ನೂ ಎರಡು ಸಲ ಬಂದರು. ಪರದೆಯ ಮೇಲೆ ಏನೂ ಬಂದಿರಲಿಲ್ಲ, ಪ್ರತಿ ಸಲವೂ ನಾನು ಇಲ್ಲವೆಂದೆ. ಹದಿನೇಳನೇ ದಿನ ನಾಲ್ಕನೇ ಸಲ ಬಂದಾಗ, ಶವಾಗಾರದಲ್ಲಿ ಕೆಲಸ ಮಾಡುವ ಮುದುಕರು ಕೈಗವಸಿನ ಚೀಟಿಗೆ ಮುದ್ರೆ ಒತ್ತಿಸಿಕೊಳ್ಳಲು ನನ್ನ ಮೇಜಿನ ಪಕ್ಕ ನಿಂತಿದ್ದರು. ಆಸ್ಪತ್ರೆಗೆಲ್ಲ ಅವರು ದೊಡ್ಡಪ್ಪ. ಗಡಿಯಾರದವರು ಮತ್ತೆ ಅದೇ ಬೆರಳಿನ ಕಥೆ ಹೇಳುತ್ತಿದ್ದರು. ದೊಡ್ಡಪ್ಪ ತಲೆ ಎತ್ತಿದರು.

“ಯಾರು, ಅರ್ಧ ಬೆರಳಿನೋರಾ? ಅವರನ್ನ ಮೊನ್ನೆ ತಾನೆ ಕಾಲೇಜಿನ ವ್ಯಾನಿಗೆ ಹತ್ತಿಸಿದ್ನಲ್ಲ.”

ಗಡಿಯಾರದವರಿಗೆ ಅರ್ಥವಾಗಲಿಲ್ಲ. ಅವರ ಕಣ್ಣಲ್ಲಿ ಎಂಥ ಬೆಳಕು ಬಂತು ಗೊತ್ತೇ? “ಕಾಲೇಜಿಗಾ? ಅಲ್ಲೇನು ಮಾಡ್ತಾನೆ ಅವನು? ಓದಿದ್ದೇ ಏಳನೇ ಕ್ಲಾಸು” ಎಂದರು. ದೊಡ್ಡಪ್ಪ ನನ್ನ ಮುಖ ನೋಡಿದರು. ನಾನು ಮೇಜು ನೋಡಿದೆ. ಅಷ್ಟು ಹೊತ್ತು ಸಾಕಾಯಿತು ಗಡಿಯಾರದವರಿಗೆ. ಕಿಟಕಿಯ ಕಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು ನಿಧಾನವಾಗಿ ಕೂತರು. ಕಿಟಕಿಯ ಈಚೆಯಿಂದ ನನಗೆ ಹತ್ತು ಬೆರಳು ಮಾತ್ರ ಕಾಣುತ್ತಿದ್ದವು.

ನೀವು ಕೇಳಬಹುದು, ಇದರಲ್ಲಿ ನಿರ್ದೇಶನಾಲಯದ್ದೇನು ತಪ್ಪು ಎಂದು. ಆಮೇಲೆ ನನ್ನ ಮೇಲೆ ನಡೆದ ವಿಚಾರಣೆಯಲ್ಲಿ ನಿಮ್ಮ ಅಧಿಕಾರಿಯೂ ಹಾಗೆಯೇ ಕೇಳಿದರು. ದಾಖಲೆಯ ಹಾಳೆಯನ್ನು ನನ್ನ ಮುಂದೆ ಸರಿಸಿ ಓದಿ ಹೇಳಿದರು: ಸೋಮವಾರ ಬೆಳಗ್ಗೆ ಹನ್ನೊಂದು ಗಂಟೆ ನಲವತ್ತೆರಡು ನಿಮಿಷ, ಹೊಂದಿಕೆ ಕಂಡುಬಂದಿದೆ, ಸಂಬಂಧಿಕರಿಗೆ ತಿಳಿಸಬೇಕೆ ಎಂಬ ಪ್ರಶ್ನೆ, ಉತ್ತರ ‘ಬೇಡ’, ಉತ್ತರಿಸಿದವರು ಮೂರನೇ ಕಿಟಕಿಯ ಗುಮಾಸ್ತೆ. “ಇಷ್ಟೊಂದು ಕಲ್ಲು ಮನಸ್ಸಾ ನಿಮ್ಮದು?” ಎಂದರು. ನಾನು ಪ್ರಶ್ನೆಯನ್ನೇ ನೋಡಿಲ್ಲವೆಂದೆ. “ನೋಡದೇ ಇರೋದು ಇನ್ನೂ ದೊಡ್ಡ ತಪ್ಪು” ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ಕೇಳಿದ್ದೆ. ಬರೆಯ ಬಿಸಿ ಹೇಗಿರುತ್ತದೆಂದು ಅಂದು ತಿಳಿಯಿತು. ಅದೇ ದಿನ ಅಮಾನತಿನ ಆದೇಶ ಕೈಗೆ ಬಂತು.

ಸತ್ಯ ಹೇಳಿದವರು ಒಬ್ಬರೇ, ಆ ಬಾಕ್ಸನ್ನು ಬರೆದ ಪ್ರೋಗ್ರಾಮರ್. ಐವತ್ತು ದಾಟಿದ, ಗುತ್ತಿಗೆಯ ಮೇಲೆ ದುಡಿಯುತ್ತಿದ್ದ, ತಲೆ ತಗ್ಗಿಸಿಯೇ ಮಾತಾಡುವ ಮನುಷ್ಯ. ವಿಚಾರಣೆಗೆ ಅವರನ್ನು ಕರೆದದ್ದು ‘ವ್ಯವಸ್ಥೆಯಲ್ಲಿ ದೋಷವಿಲ್ಲ’ ಎಂದು ಹೇಳಿಸುವುದಕ್ಕೆ. ಅವರು ಅದನ್ನೇ ಹೇಳಿದರು.

“ದೋಷ ಏನೂ ಇಲ್ಲ ಸಾರ್. ಹೇಗೆ ಮಾಡು ಅಂದ್ರೋ ಹಾಗೇ ಮಾಡಿದೀನಿ. ಬಾಕ್ಸು ತೆರೆದ ತಕ್ಷಣ ಒಂದು ಟೈಮರ್ ಶುರುವಾಗುತ್ತೆ. ಎಂಟರಿಂದ ಸೊನ್ನೆಗೆ ಬಂದ್ರೆ ಬಾಕ್ಸು ತಾನೇ ಮುಚ್ಕೊಳುತ್ತೆ. ಹಾಗೆ ಮುಚ್ಚಿದ್ರೆ ಯಾವ ಅಂಕಿ ಬರೆಯುತ್ತೋ, ಯಾರಾದ್ರೂ ‘ಬೇಡ’ ಒತ್ತಿದ್ರೂ ಅದೇ ಅಂಕಿ. ಎರಡಕ್ಕೂ ವ್ಯತ್ಯಾಸ ಇಲ್ಲ.”

“ಅಂದ್ರೆ ಈಯಮ್ಮ ಒತ್ತಿಲ್ಲ ಅಂತೀರಾ?”

“ಒತ್ತಕ್ಕೆ ಸಾಧ್ಯಾನೇ ಇಲ್ಲ ಸಾರ್. ‘ಉಳಿಸು’ ಅಂತ ಒತ್ತಿದ ಕೂಡಲೇ ಒಂದು ಕಡೆ ರಸೀದಿ ಪ್ರಿಂಟ್ ಆಗುತ್ತೆ, ಇನ್ನೊಂದು ಕಡೆ ಬಾಕ್ಸು ತೆರೆಯುತ್ತೆ. ಬಾಕ್ಸು ತೆರೆದಾಗ ಇವರು ಪ್ರಿಂಟರ್ ಹತ್ರ ಇರ್ತಾರೆ. ಎಲ್ಲಾ ಆಸ್ಪತ್ರೇಲೂ ಅಷ್ಟೇ.”

ಅಷ್ಟು ಹೇಳಿ ಅವರು ಒಂದು ಪಟ್ಟಿಯನ್ನು ಮೇಜಿನ ಮೇಲಿಟ್ಟರು. ಮೂರು ವರ್ಷದಲ್ಲಿ ನಿಮ್ಮ ಯಂತ್ರ ಎಪ್ಪತ್ತೆರಡು ಸಲ ಸತ್ತವರಿಗೂ ಹುಡುಕುತ್ತಿದ್ದವರಿಗೂ ಗಂಟು ಹಾಕಿತ್ತು. ಅರವತ್ತಮೂರು ಸಲ ಉತ್ತರ ‘ಬೇಡ’. ಅರವತ್ತಮೂರೂ ಸಲ ಸರಿಯಾಗಿ ಎಂಟನೇ ಸೆಕೆಂಡಿಗೆ. ಉಳಿದ ಒಂಬತ್ತು ಸಲ ‘ಹೌದು’. ಆ ಒಂಬತ್ತು ದಿನಗಳ ವಿಶೇಷವೇನೆಂದು ಅಧಿಕಾರಿ ಕೇಳಿದರು. ಪ್ರೋಗ್ರಾಮರ್ ಸಂಕೋಚದಿಂದ, “ಪ್ರಿಂಟರ್ ಕೆಟ್ಟಿತ್ತು ಸಾರ್, ಯಾರೂ ಕುರ್ಚಿ ಬಿಟ್ಟು ಏಳಲಿಲ್ಲ” ಎಂದರು. ಕೇಳಿದಿರಾ ನಿರ್ದೇಶಕರೇ? ನಿಮ್ಮ ಆಡಳಿತದಲ್ಲಿ ಹೆಣಗಳು ಮನೆ ಸೇರಿದ್ದು ನಿಮ್ಮ ಯಂತ್ರ ಕೆಟ್ಟ ದಿನಗಳಲ್ಲಿ ಮಾತ್ರ. ನಿಮ್ಮ ಕೈಕೆಳಗೆ ಸಾಯುವವರು ಇನ್ನು ಮುಂದೆ ಪ್ರಿಂಟರಿನ ಜಾತಕ ನೋಡಿಕೊಂಡು ಸಾಯಬೇಕು.

ಹಾಗಾದರೆ ಆ ಟೈಮರ್ ಹಾಕಿಸಿದವರು ಯಾರು? ಅದನ್ನೂ ಅವರೇ ಹೇಳಿದರು, ವಿಚಾರಣಾ ಕೊಠಡಿಯ ಹೊರಗೆ, ಕುಡಿಯುವ ನೀರಿನ ಕ್ಯಾನಿನ ಪಕ್ಕ ನಿಂತು. ಅವರು ಮೊದಲು ಬರೆದಿದ್ದ ಬಾಕ್ಸು ಯಾರಾದರೂ ಉತ್ತರಿಸುವವರೆಗೆ ಕದಲುತ್ತಿರಲಿಲ್ಲ. ಉದ್ಘಾಟನೆಯ ದಿನ, ಯಂತ್ರಕ್ಕೆ ಜೋಡಿಸಿದ್ದ ದೊಡ್ಡ ಪರದೆಯ ಮೇಲೆ ನಿಮ್ಮ ಭಾವಚಿತ್ರ, ಅದರ ಕೆಳಗೆ ನಿಮ್ಮ ಸಾಧನೆಯ ಅಂಕಿಅಂಶ, ಮುಂದೆ ಗಣ್ಯರ ಸಾಲು. ಆ ಹೊತ್ತಿಗೆ ಸರಿಯಾಗಿ ಯಾವುದೋ ಆಸ್ಪತ್ರೆಯಲ್ಲಿ ಯಾರದೋ ಗುರುತು ಹೊಂದಿಕೆಯಾಗಿ, ಬಾಕ್ಸು ತೆರೆದುಕೊಂಡು ನಿಮ್ಮ ಮುಖದ ಮೇಲೆ ಕೂತುಬಿಟ್ಟಿತು. ನೀವು ಮಾತಾಡಿದಷ್ಟು ಹೊತ್ತೂ ‘ಸಂಬಂಧಿಕರಿಗೆ ತಿಳಿಸಬೇಕೆ?’ ಎಂದು ನಿಮ್ಮ ಮೂಗಿನ ಮೇಲೆ ನಿಂತು ಕೇಳುತ್ತಲೇ ಇತ್ತು. ಗಣ್ಯರೊಬ್ಬರು ನಕ್ಕರಂತೆ. ಸಮಾರಂಭ ಮುಗಿದ ಮೇಲೆ ನೀವು ಪ್ರೋಗ್ರಾಮರನ್ನು ಕರೆಸಿದಿರಿ.

“ಆ ದರಿದ್ರ ಡಬ್ಬಿ ತಾನಾಗೇ ಹೋಗೋ ಹಾಗೆ ಮಾಡ್ರಿ.”

“ಯಾರೂ ಒತ್ತದೇ ಇದ್ರೆ ಏನಂತ ಬರೆದುಕೊಳ್ಳಲಿ ಸಾರ್? ‘ಯಾರೂ ನೋಡಿಲ್ಲ’ ಅಂತ ಮೂರನೇದೊಂದು ಇಡಬಹುದು. ನಾಲ್ಕು ಸಾಲಿನ ಕೆಲಸ.”

“ವರದೀಲಿ ಎರಡೇ ಕಾಲಂ ಇರೋದು. ಒತ್ತದೇ ಇದ್ರೆ ಬೇಡ ಅಂತ ತಾನೆ ಅರ್ಥ?”

ಮೌನವೇ ಸಮ್ಮತಿ ಎಂದು ಹಿರಿಯರು ಹೇಳುತ್ತಿದ್ದರು. ಅದನ್ನು ತಿದ್ದಿ, ಖಾಲಿ ಕುರ್ಚಿಯ ಮೌನವೂ ನಿರಾಕರಣೆಯೇ ಎಂದು ಸಾಧಿಸಿದ ಕೀರ್ತಿ ನಿಮಗೆ ಸಲ್ಲಬೇಕು. ಆ ನಾಲ್ಕು ಸಾಲು ಬರೆಯುವುದಕ್ಕೆ ಅವರಿಗೆ ಅರ್ಧ ದಿನ ಸಾಕಿತ್ತಂತೆ. ಪಟ್ಟಿ ಕೊಟ್ಟ ತಪ್ಪಿಗೆ ಅವರಿಗೆ ಈಗ ದಿನಪೂರ್ತಿ ಬಿಡುವು. ಗುತ್ತಿಗೆಯನ್ನು ನೀವು ಮುಂದುವರಿಸಲಿಲ್ಲ.

ಇನ್ನು ಕಾಲೇಜಿನ ಮಾತು. ದೊಡ್ಡಪ್ಪ ಬಾಯಿಬಿಟ್ಟ ಮರುದಿನವೇ ನಾನು ಗಡಿಯಾರದವರನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಅಂಗರಚನಾ ವಿಭಾಗದ ಪ್ರಾಧ್ಯಾಪಕಿ ಒಳ್ಳೆಯ ಹೆಂಗಸು. ಬಾಗಿಲು ತೆರೆಸಿ ತೋರಿಸಿದರು. ಗಡಿಯಾರದವರು ತಮ್ಮನ ಮುಖ ನೋಡಿದರು. ಕೈ ಎತ್ತಿಕೊಂಡು ಕಿರುಬೆರಳನ್ನು ಮುಟ್ಟಿದರು. ಅಳಲಿಲ್ಲ. ಹೊದಿಸಿದ್ದ ಬಟ್ಟೆಯನ್ನು, ಮಲಗಿದವರಿಗೆ ಚಳಿಯಾಗದಿರಲಿ ಎನ್ನುವ ಹಾಗೆ, ಕುತ್ತಿಗೆಯವರೆಗೆ ಎಳೆದರು. ಪ್ರಾಧ್ಯಾಪಕಿ ಹೇಳಿದರು: “ನಮ್ಮ ಮಕ್ಕಳು ಇನ್ನೂ ಮುಟ್ಟಿಲ್ಲ. ನಿಮ್ಮ ದಾಖಲೇಲಿ ವಾರಸುದಾರರಿಲ್ಲ ಅಂತಿದೆ, ಇದಾರೆ ಅಂತ ತಿದ್ದಿ ನಿರ್ದೇಶಕರು ಒಂದು ಸಹಿ ಹಾಕಿ ಕೊಟ್ರೆ ಸಾಕು. ಅವತ್ತೇ ಕಳಿಸಿಕೊಡ್ತೀನಿ.”

ಒಂದು ಸಹಿ. ಅದಕ್ಕಾಗಿ ನಾವಿಬ್ಬರೂ ನಿಮ್ಮ ಕಚೇರಿಗೆ ಎಷ್ಟು ಸಲ ಬಂದೆವು, ಲೆಕ್ಕ ನಿಮ್ಮ ದ್ವಾರಪಾಲಕರನ್ನು ಕೇಳಿ. ಆರನೇ ವಾರ ನೀವು ದರ್ಶನ ಕೊಟ್ಟಿರಿ. ಕೂರಲು ಹೇಳಲಿಲ್ಲ, ಅದಿರಲಿ. ದಾಖಲೆ ತಿದ್ದಿದರೆ ವ್ಯವಸ್ಥೆ ತಪ್ಪೆಂದು ಒಪ್ಪಿಕೊಂಡಂತಾಗುತ್ತದೆ, ಪರಿಶೀಲಿಸಬೇಕು ಎಂದಿರಿ. ಆಮೇಲೆ ಗಡಿಯಾರದವರ ಕಡೆ ತಿರುಗಿ, ಸಮಾಧಾನ ಹೇಳುವ ಧ್ವನಿಯಲ್ಲಿ ನೀವು ಆಡಿದ ಮಾತು ನಿಮಗೆ ಮರೆತಿರಬಹುದು, ನನಗೆ ಮರೆತಿಲ್ಲ.

“ನೋಡೀಪ್ಪಾ, ನಿಮ್ಮ ತಮ್ಮನಿಂದ ನಾಲ್ಕು ಜನ ಕಲೀತಾರೆ. ಅದೂ ಒಂದು ಪುಣ್ಯ ಅಂದ್ಕೊಳ್ಳಿ.”

“ಅವನನ್ನ ಕೇಳಿದ್ರಾ ಸ್ವಾಮಿ?” ಎಂದರು ಅವರು. “ಬದುಕಿದ್ದಾಗ ಕೇಳಿದ್ರೆ ಅವನೇ ಕೊಡ್ತಿದ್ನೇನೋ. ಕೊಡೋ ಬುದ್ಧಿಯೋನೇ. ನೀವು ಕೇಳಿದ್ರಾ? ನನ್ನನ್ನಾದ್ರೂ ಕೇಳಿದ್ರಾ?”

ನೀವು ಗಂಟೆ ಒತ್ತಿದಿರಿ. ಆ ಗುಂಡಿಯನ್ನು ಒತ್ತುವುದಕ್ಕೆ ನಿಮಗೆ ಎಂಟು ಸೆಕೆಂಡು ಬೇಕಾಗಲಿಲ್ಲ.

ಪರಿಶೀಲನೆ ನಡೆಯಿತು. ಐದು ತಿಂಗಳು. ಅಷ್ಟರಲ್ಲಿ ಕಾಲೇಜಿನಲ್ಲಿ ಪಾಠ ಶುರುವಾಯಿತು. ಹೊಸ ತಂಡಕ್ಕೆ ಮೊದಲ ಪಾಠ ಕೈಯದಂತೆ. ಪ್ರಾಧ್ಯಾಪಕಿ ರಜೆಯಲ್ಲಿದ್ದ ವಾರ ಅದು ಆ ತಮ್ಮನ ಕೈಯ ಮೇಲೆ ಆಗಿಹೋಯಿತು. ಅದರ ಮರುವಾರ ನಿಮ್ಮ ಕಚೇರಿಯಿಂದ ಗಡಿಯಾರದವರಿಗೆ ಉತ್ತರ ಬಂತು. ಅದರ ಒಂದು ಸಾಲನ್ನು ಇದ್ದ ಹಾಗೇ ಬರೆಯುತ್ತಿದ್ದೇನೆ: ‘ಅರ್ಜಿಯಲ್ಲಿ ನಮೂದಿಸಿದ ಗುರುತಿನ ಚಿಹ್ನೆಯನ್ನು, ಅಂದರೆ ಎಡಗೈ ಕಿರುಬೆರಳನ್ನು, ಭೌತಿಕವಾಗಿ ದೃಢಪಡಿಸಿದಲ್ಲಿ ತಮ್ಮ ಕೋರಿಕೆಯನ್ನು ಪರಿಗಣಿಸಲಾಗುವುದು.’ ಅಣ್ಣ ಮುಖ ಗುರುತಿಸಿದ್ದು ಸಾಲದಂತೆ. ಪ್ರಾಧ್ಯಾಪಕಿ ಬರೆದುಕೊಟ್ಟ ಟಿಪ್ಪಣಿ ಸಾಲದಂತೆ. ಅವರು ಸಕ್ಷಮ ಪ್ರಾಧಿಕಾರ ಅಲ್ಲವಂತೆ. ಬೆರಳೇ ಬೇಕಂತೆ. ಕೈಯನ್ನು ಕುಯ್ಯುವವರೆಗೆ ಕಾದು, ಕುಯ್ದ ಮೇಲೆ ಕೈ ತೋರಿಸು ಎಂದು ಕೇಳುವುದಕ್ಕೆ ಬರಿಯ ದಡ್ಡತನ ಸಾಲದು. ಅದಕ್ಕೆ ದೀರ್ಘ ಸೇವಾ ಅನುಭವ ಬೇಕು.

ಆ ಪತ್ರವನ್ನು ಗಡಿಯಾರದವರು ನನ್ನ ಮನೆಗೆ ತಂದರು. ಓದಲು ಬಾರದೆ ಅಲ್ಲ. ತಾವು ಓದಿದ್ದು ಸರಿಯೇ ಎಂದು ಕೇಳುವುದಕ್ಕೆ. ನಾನು ಸರಿ ಎಂದೆ. ನನ್ನ ಗಂಡ ಕುರ್ಚಿ ಎಳೆದು ಕೂರಿಸಿದರು. ಗಡಿಯಾರದವರು ಪತ್ರ ಮಡಚಿಟ್ಟು ನನ್ನನ್ನು ಒಂದೇ ಪ್ರಶ್ನೆ ಕೇಳಿದರು. “ಅಮ್ಮಾ, ಅವತ್ತು ನೀವು ಕಾಗದ ತರಕ್ಕೆ ಎದ್ದು ಹೋದ್ರಲ್ಲ, ಆಗ ನಾನು ಅಲ್ಲೇ ನಿಂತಿದ್ದೆ. ಕಂಪ್ಯೂಟರಿನ ಬೆನ್ನು ನೋಡ್ತಾ ಇದ್ದೆ. ಅದು ನನ್ನ ಕಡೆ ತಿರುಗಿದ್ದಿದ್ರೆ ನಾನೇ ಓದ್ತಿದ್ನಲ್ವಾ?” ನಿಮಗೆ ಶಾಪ ಹಾಕಲಿಲ್ಲ, ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ಆ ರಾತ್ರಿ ಊಟ ಮಾಡುತ್ತಿದ್ದೆನೇನೋ.

ಪ್ರೋಗ್ರಾಮರ್ ಕೊಟ್ಟ ಪಟ್ಟಿಯ ಪ್ರತಿ, ಆರೋಪಿತ ಸಿಬ್ಬಂದಿಯ ಹಕ್ಕಾಗಿ, ನನ್ನ ಹತ್ತಿರವೂ ಇದೆ. ಅದನ್ನು ಕಡತಕ್ಕೆ ಹಾಕಿ ಮರೆತಿರಿ. ನಾನು ಮರೆಯಲಿಲ್ಲ. ಗಡಿಯಾರದವರನ್ನು ಬಿಟ್ಟರೆ ಅರವತ್ತೆರಡು ಮನೆಗಳು. ಕೆಲಸವಿಲ್ಲದವಳಿಗೆ ಸಮಯಕ್ಕೇನು ಬರ? ಕಳೆದ ವಾರ ಮೊದಲ ಮನೆಗೆ ಹೋದೆ. ಇಸ್ತ್ರಿ ಅಂಗಡಿ ಇಟ್ಟುಕೊಂಡಿರುವ ಹೆಂಗಸು. ಅವರ ತಾಯಿ ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಮನೆಯಿಂದ ಹೋದವರು ಮರಳಿರಲಿಲ್ಲ. ನಾನು ನಿಂತೇ ಇದ್ದೆ, ಎಲ್ಲ ಹೇಳಿದೆ: ಬೀದಿಯಲ್ಲಿ ಬಿದ್ದರು, ಅಂದೇ ತೀರಿಕೊಂಡರು, ನೀವು ಅರ್ಜಿ ಕೊಟ್ಟ ದಿನ ಕೆಳಗೇ ಇದ್ದರು, ಆಮೇಲೆ ಕಾಲೇಜಿಗೆ ಹೋದರು, ಈಗ ಏನೂ ಉಳಿದಿಲ್ಲ. ಅವರು ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಕೈ ಒರೆಸಿಕೊಂಡರು.

“ಅಲ್ಲಮ್ಮಾ,” ಎಂದರು, “ಹಿಂದಿನ ದಿನ ನಾವಿಬ್ರೂ ಜಗಳ ಆಡಿದ್ವಿ. ಒಂದು ಸೀರೆ ವಿಷಯಕ್ಕೆ. ನನ್ನ ಮೇಲೆ ಮುನಿಸ್ಕೊಂಡು ಹೋದ್ಲು ಅಂತ ಎರಡು ವರ್ಷ ಅವಳನ್ನ ಬೈಕೊಂಡೇ ಇದೀನಿ. ಇವತ್ತು ಬೆಳಗ್ಗೆನೂ ಬೈದೆ.”

ನಿರ್ದೇಶಕರೇ, ನನ್ನ ಕೆಲಸ ವಾಪಸು ಕೊಡಿ ಎಂದು ಕೇಳುತ್ತಿಲ್ಲ. ಆ ಕಿಟಕಿಗೆ ಹೋಗಿ ಕೂರುವ ಮುಖ ನನಗಿಲ್ಲ. ಕೇಳುವುದು ಎರಡು. ಪ್ರಾಧ್ಯಾಪಕಿ ಗಡಿಯಾರದವರ ತಮ್ಮನ ದೇಹದ ಮಿಕ್ಕ ಭಾಗವನ್ನು ಈ ತಿಂಗಳ ಮೂವತ್ತರವರೆಗೆ ಬೇರೆ ಇಟ್ಟಿರುತ್ತೇನೆ, ಆಮೇಲೆ ತಡೆಯಲಾರೆ ಎಂದಿದ್ದಾರೆ. ಅಷ್ಟರೊಳಗೆ ‘ವಾರಸುದಾರರಿಲ್ಲ’ ಎಂಬುದನ್ನು ಹೊಡೆದುಹಾಕಿ ‘ಅಣ್ಣ ಇದ್ದಾರೆ’ ಎಂದು ಬರೆದು ಸಹಿ ಹಾಕಿ. ನಿಮ್ಮ ವರದಿಯಲ್ಲಿ ಅದಕ್ಕೆ ಕಾಲಂ ಇಲ್ಲದಿದ್ದರೆ ಅಂಚಿನಲ್ಲಿ ಬರೆಯಿರಿ, ಗಡಿಯಾರದವರು ಬೇಸರ ಮಾಡಿಕೊಳ್ಳುವುದಿಲ್ಲ.

ಎರಡನೆಯದು, ಪಟ್ಟಿಯಲ್ಲಿ ಇನ್ನೂ ಅರವತ್ತೊಂದು ಮನೆಗಳಿವೆ. ಸುತ್ತೋಲೆ ಬೇಡ, ಸಂತಾಪ ಸೂಚಕ ಪತ್ರ ಬೇಡ, ಸಹಾಯಕರನ್ನು ಕಳಿಸುವುದು ಬೇಡ. ನೀವೇ ಹೋಗಿ. ಬಾಗಿಲು ತಟ್ಟಿ, ನಿಂತುಕೊಂಡೇ ಹೇಳಿ. ಅವರು ಕೇಳುವ ಪ್ರಶ್ನೆ ಮುಗಿಯುವವರೆಗೂ ಅಲ್ಲಿಂದ ಕದಲಬೇಡಿ. ನೀವು ಹೋಗದಿದ್ದರೆ ನಾನೇ ಹೋಗುತ್ತೇನೆ. ಹೋದ ಮನೆಯಲ್ಲೆಲ್ಲ ನಿಮ್ಮ ಕಚೇರಿಯ ವಿಳಾಸವನ್ನೂ, ನೀವು ಅಲ್ಲಿಗೆ ಬರುವ ಹೊತ್ತನ್ನೂ ಬರೆದುಕೊಟ್ಟು ಬರುತ್ತೇನೆ. ಇಸ್ತ್ರಿ ಅಂಗಡಿಯವರಿಗೆ ಆಗಲೇ ಕೊಟ್ಟಿದ್ದೇನೆ. ಅವರು ಸೋಮವಾರ ಅಂಗಡಿ ತೆರೆಯುವುದಿಲ್ಲ. ಅಂದು ನಿಮ್ಮನ್ನು ಕಾಣಲು ಬರುತ್ತಾರೆ.

ಇಂತಿ,
ಹತ್ತೊಂಬತ್ತು ವರ್ಷ ಕಿಟಕಿಯಲ್ಲಿ ಕೂತು, ಬೇಕಾದ ಹೊತ್ತಿನಲ್ಲಿ ಎದ್ದು ಹೋಗಿದ್ದ ಗುಮಾಸ್ತೆ